ಎರವಲು ಹೋದ ಜೋಗುಳ

ಮೊಮ್ಮಗಳನ್ನು ಮಲಗಿಸಲೆಂದು ಪಕ್ಕದ ಮನೆಯ ತುಂಗಕ್ಕ, ಚೂಡಾಮಣಿಯ ಅಮ್ಮನ ಜೋಗುಳದ ನೆನಪನ್ನು ಬಟ್ಟಲಲ್ಲಿ ಎರವಲು ಒಯ್ದಿದ್ದರು. ಅದು ತಿರುಗಿ ಬರುವವರೆಗೂ ಅಮ್ಮ ಹಾಡುತ್ತಿದ್ದಳೆಂಬುದೇ ಚೂಡಾಮಣಿಗೆ ಮರೆತುಹೋಗಿತ್ತು.

"ತಗೊಳ್ಳಮ್ಮ. ಇಸ್ಕೊಂಡಷ್ಟೇ ವಾಪಸ್ ಕೊಡಬಾರ್ದಲ್ಲ, ನಂದೂ ಒಂದು ಹಳೇ ನೆನಪು ಸೇರಿಸಿದೀನಿ." ತುಂಗಕ್ಕ ಬಟ್ಟಲು ಚಾಚಿದರು.

ಚೂಡಾಮಣಿ ಬಾಗಿಲಲ್ಲೇ ನಿಂತು ಕುಡಿದಳು. ತೊಟ್ಟಿಲು ತೂಗಿತು, ಅಮ್ಮನ ದನಿ ಕೇಳಿತು. ಆಮೇಲೆ ಬಳೆ ತೊಟ್ಟ ಕೈಯೊಂದು ಅಳುವ ಮಗುವಿನ ಬಾಯಿಯನ್ನು ಬಿಗಿಯಾಗಿ ಮುಚ್ಚಿತು. ಮುಖ ಕಾಣಲಿಲ್ಲ.

"ಅಕ್ಕಾ, ಈ ಕೈ ನಮ್ಮಮ್ಮಂದಾ, ನಿಮ್ದಾ?"

"ಯಾವ ಕೈಯೇ? ಕೊಟ್ಟ ಮೇಲೆ ನಂಗೆಲ್ಲಿ ನೆನಪಿರತ್ತೆ?" ತುಂಗಕ್ಕ ನಕ್ಕರು.

ಅಷ್ಟರಲ್ಲಿ ಪಕ್ಕದ ಮನೆಯಲ್ಲಿ ಮಗು ಅತ್ತಿತು. "ಬಂದೆ ಪುಟ್ಟೀ" ಎನ್ನುತ್ತ ತುಂಗಕ್ಕ ಓಡಿದರು. ಚೂಡಾಮಣಿ ಗೋಡೆಗೆ ಕಿವಿಯಿಟ್ಟಳು. ಹಾಡು ಕೇಳಲಿಲ್ಲ, ಅಳು ಮಾತ್ರ ತಟ್ಟನೆ ನಿಂತಿತು.