ಸಾಯುವವರ ಲಕ್ಷಣ

ಧಾರಾವಾಹಿಯ ಹೊಸ ಕಂತನ್ನು ವಾರಪತ್ರಿಕೆಗೆ ಕಳಿಸುವ ಮೊದಲು ಕಾದಂಬರಿಕಾರನ ಹೆಂಡತಿ ಅದನ್ನು ಓದುವುದು ವಾಡಿಕೆ. ಈ ಸಲ ಎರಡು ಪುಟ ಓದುವಷ್ಟರಲ್ಲೇ ತಲೆ ಎತ್ತಿದಳು.

"ರೀ, ಈ ಇಂದುಮತೀನೂ ಸಾಯ್ತಾಳೆ ಅಲ್ವಾ?"

ಅವನು ಬೆಚ್ಚಿದ. ಆ ಸಾವಿಗೆ ಇನ್ನೂ ಬಹಳ ಕಂತುಗಳಿದ್ದವು. ಸಂಪಾದಕರಿಗೂ ಹೇಳಿರಲಿಲ್ಲ.

"ನಿನಗೆ ಹೇಗೆ ಗೊತ್ತಾಯ್ತು?"

"ನಗುವಾಗ ಸೆರಗನ್ನ ಬಾಯಿಗೆ ಅಡ್ಡ ಹಿಡೀತಾಳೆ, ಆರಿದ ಕಾಫೀನೇ ಇಷ್ಟ, ಕಿವಿ ಹಿಂದೆ ಮಚ್ಚೆ ಇದೆ ಅಂತೆಲ್ಲ ಬರೆದಿದ್ದೀರಲ್ಲ. ಬದುಕಿ ಉಳಿಯೋರ ಬಗ್ಗೆ ನೀವು ಇಷ್ಟೆಲ್ಲ ಬರೆಯೋದೇ ಇಲ್ಲ."

ಅವನಿಗೆ ಒಳಗೊಳಗೇ ಹೆಮ್ಮೆಯಾಯಿತು. "ಸಾಯೋರನ್ನ ಮೊದಲು ಕಣ್ತುಂಬ ನೋಡ್ಬೇಕು ಕಣೇ. ಆಗಲೇ ಓದೋರು ಅಳೋದು."

ಅವಳು ಹಾಳೆಗಳನ್ನು ಮರಳಿ ಕೊಡಲು ಕೈ ಚಾಚಿದಳು. ಮಣಿಕಟ್ಟಿನ ಸುತ್ತ ಮಾಸಿದ ಬ್ಯಾಂಡೇಜು.

"ಕೈಗೇನಾಯ್ತೇ?"

"ಹೋದ ವಾರ ಕುಕ್ಕರ್ ಹಬೆ ತಾಗಿ ಸುಟ್ಟಿತ್ತು."

ದಿನವೂ ಆ ಕೈಯಿಂದಲೇ ಊಟ ಬಡಿಸಿಕೊಂಡಿದ್ದ. ಅವಳ ಮುಖ ನೋಡಲಾಗದೆ ತಲೆ ತಗ್ಗಿಸಿದ.

"ಇರ್ಲಿ ಬಿಡಿ," ಎಂದಳು ಅವಳು, "ನಾನಂತೂ ನೂರು ವರ್ಷ ಬದುಕ್ತೀನಿ."