ಬಾಗಿಲಿಗೆ ಕಟ್ಟುವ ಚೀಲ

ಊರ ನೀರು ಮನೆಗೊಬ್ಬರ ಕಿಡ್ನಿ ತಿಂದು ಹಾಕಿದ ಮೇಲೆ, ಹೊಟ್ಟೆಯ ಪೈಪಿನಿಂದ ಇಳಿಸಿದ ಡಯಾಲಿಸಿಸ್ ನೀರಿನ ಚೀಲವನ್ನು ಬೆಳಗಾಗುತ್ತಲೇ ಬಾಗಿಲಿಗೆ ಕಟ್ಟುವುದು ಓಣಿಯ ವಾಡಿಕೆ. ತಿಳಿಯಿದ್ದರೆ ನರ್ಸಬಾಯಿ ಮುಂದೆ ಹೋಗುತ್ತಾಳೆ. ಮಬ್ಬಿದ್ದರೆ ಹೊಟ್ಟೆಯೊಳಗೆ ಸೋಂಕು. ಆಸ್ಪತ್ರೆಯ ವ್ಯಾನು ಬಂದು ರೋಗಿಯನ್ನು ಒಯ್ಯುತ್ತದೆ. ಹಾಗೆ ಹೋದವರಲ್ಲಿ ತಿರುಗಿ ಬಂದವರು ಕಡಿಮೆ.

ಅಂದು ನೀಲವ್ವನ ಗಂಡನ ಚೀಲ ಅಕ್ಕಿ ತೊಳೆದ ನೀರಿನಂತಿತ್ತು. ಅವನಿಗೆ ಜ್ವರ ಬೇರೆ. ಅವಳು ಪಕ್ಕದ ಹಸೀನಾಳ ಮನೆಗೆ ಹೋದಳು.

"ನಿಮ್ಮ ಚೀಲ ಚೂರು ಕೊಡವಾ. ನರ್ಸಬಾಯಿ ಹೋದಮ್ಯಾಲೆ ತಂದುಕೊಡ್ತೀನಿ."

"ಸಕ್ಕರಿ ಕೇಳಿದಂಗ ಕೇಳ್ತೀಯಲ್ಲ ನೀಲಕ್ಕ," ಎಂದಳು ಹಸೀನಾ. "ಇದೂ ನಮ್ದಲ್ಲ, ಮೂಲಿಮನಿಯವ್ರದು. ಮಾವನ ಚೀಲ ಮಬ್ಬಾಗಿ ನಾಕು ದಿನ ಆತು. ಇದನ್ನ ಕಟ್ಟಿ ಮುಚ್ಚಿಟ್ವಿ."

"ಈಗ ಹ್ಯಾಂಗದಾರ?"

ಹಸೀನಾ ಪರದೆ ಸರಿಸಿದಳು. ಮುದುಕನ ಮುಖದ ಮೇಲೆ ಬಿಳಿ ಬಟ್ಟೆ ಹೊದಿಸಿತ್ತು.

"ಒಯ್ಯಿ ಅಕ್ಕಾ," ಎಂದು ಚೀಲ ಬಿಚ್ಚಿದಳು. "ನಮಗಿನ್ನ ಬ್ಯಾಡ."

ನೀಲವ್ವ ಅದನ್ನು ಮುಟ್ಟಲಿಲ್ಲ. ಮನೆಗೆ ಬಂದು ಮಬ್ಬು ಚೀಲವನ್ನೇ ಬಾಗಿಲಿಗೆ ಕಟ್ಟಿ, ಗಂಡನಿಗೆ ಒಗೆದ ಅಂಗಿ ತೊಡಿಸಿದಳು. ಸ್ವಲ್ಪ ಹೊತ್ತಿಗೆ ಓಣಿಯಲ್ಲಿ ವ್ಯಾನಿನ ಸದ್ದಾಯಿತು.

"ಯಾರ ಮನಿಗೆ ಬಂತದು?" ಎಂದು ಅವನು ಕೇಳಿದ.

"ನಮ್ಮನಿಗೇ ರೀ. ನನ್ನ ಹೆಗಲು ಹಿಡಕೊಂಡು ಏಳ್ರಿ."