ಕೆರೆ ದಂಡೆಯ ವರಪರೀಕ್ಷೆ

ಮಗಳೂ ಆ ಹುಡುಗನೂ ಮತ್ತೆ ಬಂಡೆಗಳಾಚೆ ಕಣ್ಮರೆಯಾದರು. ಅನಂತಲಕ್ಷ್ಮಿ ಹೆಜ್ಜೆ ಚುರುಕು ಮಾಡಿದರು. ಬೆಳಗಿನಿಂದ ಇದೇ ಆಟ. ಇವರು ಹತ್ತಿರವಾದ ಕೂಡಲೇ ಅವರಿಬ್ಬರೂ ಮುಂದಕ್ಕೆ ಓಡುವುದು, ಇವರು ಹುಡುಗನ ತಂದೆಯ ಜೊತೆ ಹಿಂದೆ ಉಳಿಯುವುದು.

“ನಿಧಾನ. ಇಲ್ಲಿ ಪಾಚಿ ಕಟ್ಟಿದೆ,” ಎಂದರು ಅಮರನಾಥ್.

ಕುರುಡುಮಲೆಯಿಂದ ಸ್ವಲ್ಪ ದೂರದ ಕೆರೆ. ಸಮುದ್ರ ಕಾಣದ ಈ ಸೀಮೆಗೆ, ಕೋಡಿ ಬಿದ್ದ ಕೆರೆಯೇ ಕಡಲು. ಗಾಳಿಗೆ ಅಲೆಯೆದ್ದು ದಂಡೆಯ ಗುಂಡುಕಲ್ಲುಗಳಿಗೆ ಬಡಿಯುತ್ತಿತ್ತು. ಬಂಡೆ ಹತ್ತಿ ಇಳಿದು, ನೀರಂಚಿನಲ್ಲೇ ನಡೆದು, ಸಂಜೆಯೊಳಗೆ ಆಚೆ ರಸ್ತೆ ಸೇರುವುದು ಚಿತ್ರಾಳ ಯೋಜನೆ. ಹುಡುಗ ಶ್ರೀಕೃಷ್ಣ, ವೇಮಗಲ್‌ನ ಕಾರ್ಖಾನೆಯಲ್ಲಿ ಅವಳ ಜೊತೆ ಕೆಲಸ ಮಾಡುವವನು.

“ಮನೇಲಿ ಕೂತು ಕೇಸರಿಬಾತ್ ತಿನ್ನೋ ಶಾಸ್ತ್ರ ಬೇಡಮ್ಮ. ಜೊತೇಲಿ ನಡೆದ್ರೆ ಮನುಷ್ಯರು ಎಂಥೋರು ಅಂತ ಗೊತ್ತಾಗುತ್ತೆ,” ಎಂದಿದ್ದಳು ಚಿತ್ರಾ.

ಗಂಡ ತೀರಿಕೊಂಡ ಮೇಲೆ ಒಬ್ಬರೇ ಮಗಳನ್ನು ಬೆಳೆಸಿದ್ದ ಅನಂತಲಕ್ಷ್ಮಿ, ಅವಳ ಮದುವೆಯ ವಿಷಯದಲ್ಲಿ ಎಡವಬಾರದೆಂದು ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದರು. ಚಿತ್ರಾಳಿಗೆ ಆ ಗಾಂಭೀರ್ಯವೇ ಇರಲಿಲ್ಲ. ತಾಯಿಗೆ ಹೊಸ ಹಸಿರು ಚೂಡಿದಾರ್ ತಾನೇ ಆರಿಸಿ ಕೊಟ್ಟವಳು, ತಾನು ಮಾಸಿದ ಟೀ ಷರ್ಟಿನಲ್ಲಿ ಹೊರಟಿದ್ದಳು.

ಮಧ್ಯಾಹ್ನ ಹೊಂಗೆ ಮರದಡಿ ಬುತ್ತಿ ಬಿಚ್ಚಿದರು. ಹುಡುಗ ಪಕ್ಕಕ್ಕೆ ಬಂದು ಕೂತ.

“ಆಂಟಿ, ನಿಮಗೆ ಬೆಳಿಗ್ಗೆ ಕಾಫಿನಾ, ಟೀನಾ? ಗೊರಕೆ ಕೇಳಿದ್ರೆ ನಿದ್ದೆ ಕೆಡುತ್ತಾ?”

ಚಿತ್ರಾಳ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಅತ್ತೆಯಾಗುವವಳಿಗೆ ಬೆಣ್ಣೆ ಹಚ್ಚುತ್ತಿದ್ದಾನೆ ಎಂದುಕೊಂಡರು.

“ಲೋ ಕೃಷ್ಣ, ನನ್ನ ಪಾಲಿನ ಕೋಡುಬಳೆನೂ ನುಂಗಿಬಿಟ್ಯಾ?” ಚಿತ್ರಾ ಅವನ ಬೆನ್ನಿಗೆ ಗುದ್ದಿದಳು. ಅವನು ಅವಳ ಜಡೆ ಎಳೆದ. ಮದುವೆಗೆ ಮುಂಚೆಯೇ ಹೀಗೆ ಕಿತ್ತಾಡಿದರೆ ಮುಂದೇನು ಗತಿ? ಅನಂತಲಕ್ಷ್ಮಿಗೆ ಸಮಾಧಾನವಾಗಲಿಲ್ಲ.

ಆಮೇಲಿನ ದಾರಿ ಇನ್ನೂ ಕಡಿದಾಗಿತ್ತು. ಅಮರನಾಥ್ ಮುಂದೆ ಹೋಗಿ, ಕಲ್ಲು ಅಲುಗಾಡುತ್ತದೆಯೇ ಎಂದು ತುಳಿದು ನೋಡಿ, ಆಮೇಲೆ ಕೈ ಚಾಚುತ್ತಿದ್ದರು. ಶ್ರೀನಿವಾಸಪುರದವರು, ನಿವೃತ್ತ ಮೇಷ್ಟ್ರು. ಮಾತಿನ ನಡುವೆ ತೆಲುಗು ಇಣುಕುತ್ತಿತ್ತು.

“ಷರ್ಟು ಕೊಳೆ ಆಯ್ತಲ್ಲ,” ಎಂದರು ಅನಂತಲಕ್ಷ್ಮಿ.

“ಮಗ ಬೈತಾನೆ. ಅದ್ಯಾಕೋ ಇವತ್ತು ಅವನೇ ಇಸ್ತ್ರಿ ಮಾಡಿಕೊಟ್ಟ.” ಮುಂದಿನ ಕಲ್ಲಿನ ಮೇಲೆ ಕಾಲಿಟ್ಟರು. “ಹೆಂಡತಿ ಹೋದಮೇಲೆ ಅಡುಗೆ ನಂದೇ. ಸಾರಿಗೆ ಉಪ್ಪು ಹಾಕಿದೀನಾ ಅಂತ ಕೇಳೋಕೆ ಯಾರೂ ಇಲ್ಲ. ಅದಕ್ಕೇ ಎರಡು ಸಲ ಹಾಕ್ಬಿಡ್ತೀನಿ. ನಿಮ್ಮ ಮಗಳು ಬಂದ್ರೂ ಅಡುಗೆ ನಾನೇ ಮಾಡ್ತೀನಿ, ಚಿಂತೆ ಬೇಡ.”

“ಉಪ್ಪು?”

“ಅದನ್ನ ಅವಳೇ ಹಾಕ್ಕೊಳ್ಳಲಿ.”

ಅನಂತಲಕ್ಷ್ಮಿ ನಕ್ಕುಬಿಟ್ಟರು. ಬಂಡೆಗೆ ಬಡಿದು ವಾಪಸು ಬಂದ ಆ ನಗು ತಮ್ಮದೇ ಎಂದು ತಿಳಿದು ಗಾಬರಿಯಾದರು. ಇಷ್ಟು ಜೋರಾಗಿ ನಕ್ಕು ವರ್ಷಗಳಾಗಿದ್ದವು. ಮಗಳ ಸಂಬಂಧ ನೋಡಲು ಬಂದವಳು ಹೀಗೆ ನಗುವುದೇ? ಸೆರಗಿಲ್ಲದ ಹೆಗಲ ಮೇಲೆ ದುಪ್ಪಟ್ಟಾ ಸರಿಮಾಡಿಕೊಂಡು, ಮುಖ ಬಿಗಿದು ನಡೆದರು. ಆ ಬಿಗುಪು ಮುಂದಿನ ತಿರುವಿನವರೆಗೂ ಉಳಿಯಲಿಲ್ಲ.

ಸಂಜೆ ರಸ್ತೆ ಸಿಕ್ಕಿತು. ತಂದೆ ಮಗ ಬೆಳಿಗ್ಗೆಯೇ ಅಲ್ಲಿ ನಿಲ್ಲಿಸಿ ಬಂದಿದ್ದ ಬೈಕ್ ಹತ್ತಿ ಶ್ರೀನಿವಾಸಪುರಕ್ಕೆ ಹೊರಟರು. ತಾಯಿ ಮಗಳು ಮುಳಬಾಗಿಲಿನ ಬಸ್ಸಿಗೆ ಕಾದು ನಿಂತರು.

“ಏನನ್ನಿಸ್ತಮ್ಮ?” ಚಿತ್ರಾಳ ದನಿಯಲ್ಲಿ ಎಂದೂ ಇಲ್ಲದ ಅಳುಕು.

ಅನಂತಲಕ್ಷ್ಮಿ ತೂಕ ಮಾಡಿ ತೀರ್ಪು ಕೊಟ್ಟರು. “ಹುಡುಗನಿಗೆ ಇನ್ನೂ ಹುಡುಗಾಟ. ಆದ್ರೆ ಅವರಪ್ಪ ಬಹಳ ಒಳ್ಳೇವ್ರು ಕಣೇ. ಅಂಥವರ ಮನೆಗೆ ಕಣ್ಮುಚ್ಕೊಂಡು ಹೋಗಬಹುದು. ನಂಗೆ ಒಪ್ಪಿಗೆ.”

ಚಿತ್ರಾ ತಾಯಿಯ ಕೈ ಹಿಡಿದುಕೊಂಡಳು.

“ಹಾಗಾದ್ರೆ ನೀನೇ ಹೋಗ್ಬೇಕಮ್ಮ. ಕೃಷ್ಣ ನಂಗೆ ಅಣ್ಣ ಆಗ್ಲಿ ಅಂತಾನೇ ನಾವು ನಿಮ್ಮಿಬ್ರನ್ನ ಕರ್ಕೊಂಡು ಬಂದಿದ್ದು.”